ಮುಕ್ಕುಂದದ ಬೇವಿನಮರ ಮತ್ತು ಈಶ್ವರಿಯ ಕಂಠ

ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಏಳೂವರೆಗೆ ಸಿಂಧನೂರು ಬಸ್ ಹತ್ತಿದೆ. ಹೆಗಲಿಗೊಂದು ಚೀಲ. ಚೀಲದೊಳಗೆ ಟವೆಲ್ಲು, ಟವೆಲ್ಲಿನೊಳಗೆ ಹಳೇ ಪೇಪರು, ಪೇಪರಿನೊಳಗೆ ಎರಡು ರಟ್ಟು, ರಟ್ಟಿನ ನಡುವೆ ಏಳಿಂಚಿನ ಒಂದು ಕಪ್ಪು ಪ್ಲೇಟು! ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಣಂತಿಯ ಹಾಗೆ ಕೂತಿದ್ದೆ. ಕಂಡಕ್ಟರ್ ನೋಡಿದರು.

“ಗಾಜಿನ ಸಾಮಾನೇನ್ರಿ?”

“ಅಲ್ರಿ. ಹಾಡು.”

ಅವರು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಬೆಳಗ್ಗೆ ಬೆಳಗ್ಗೇನೇ ಎಂಥಾ ಗಿರಾಕಿ ಸಿಕ್ಕನಪ್ಪಾ ಎಂಬಂತೆ ಟಿಕೆಟ್ ಹರಿದುಕೊಟ್ಟು ಮುಂದೆ ಹೋದರು.

ಚಿತ್ರರಸಿಕ ಗೆಳೆಯರೇ, ಹಾಡಿಗಾಗಿ ಊರಿಗೆ ಹೋಗುವುದುಂಟೇ ಅಂತ ನೀವು ಕೇಳಬಹುದು. ಶೂಟಿಂಗ್ ನೋಡಲು ಹೋದವರುಂಟು, ಹೀರೋನ ಮನೆ ಗೇಟು ಮುಟ್ಟಿ ಬರಲು ಹೋದವರುಂಟು. ನಾನು ಹೊರಟಿದ್ದು ಮುಕ್ಕುಂದಕ್ಕೆ. ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಊರು. ಅಲ್ಲಿ ಯಾವ ಶೂಟಿಂಗೂ ಇರಲಿಲ್ಲ, ಯಾವ ಹೀರೋನೂ ಇಲ್ಲ. ಇದ್ದದ್ದು ಒಂದು ಬೇವಿನಮರ, ಮರಕ್ಕೆ ಕಟ್ಟಿದ ಒಂದು ಹಾರ್ನು, ಹಾರ್ನಿನೊಳಗಿಂದ ಬರುತ್ತಿದ್ದ ಎಲ್.ಆರ್. ಈಶ್ವರಿಯ ಕಂಠ. ಆ ಕಂಠಕ್ಕೆ ನಾನು 1975ರ ಬೇಸಿಗೆಯಲ್ಲಿ ಗೀರು ಹಾಕಿದ್ದೆ. ಅದರ ಬಾಕಿ ತೀರಿಸಲು ಹೊರಟಿದ್ದೆ.

ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಇಬ್ಬರು ನನ್ನ ಪಕ್ಕ ಕೂತು ನಿದ್ದೆಹೋದರು. ಮಸ್ಕಿಯಲ್ಲಿ ಬಸ್ ನಿಂತಿತು. ಇಳಿದು ಒಂದು ಪ್ಲೇಟ್ ಮಂಡಾಳು ಒಗ್ಗರಣಿ, ಎರಡು ಮಿರ್ಚಿ ತಿಂದೆ. ಮಸ್ಕಿಯ ಗುಡ್ಡ ನೋಡಿದಾಗಲೆಲ್ಲ ನನಗೆ ಒಂದು ವಿಷಯ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಈ ಕಡೆ ಚಿನ್ನ ಹುಡುಕುತ್ತಾ ಬಂದವನು ಇಲ್ಲಿ ಒಂದು ಬಂಡೆಯ ಮೇಲೆ ಅಕ್ಷರ ಕಂಡ. ದೇಶದ ತುಂಬಾ ಬಂಡೆಗಳ ಮೇಲೆ ಶಾಸನ ಬರೆಸಿದ ರಾಜ ತನ್ನನ್ನು ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಂಡಿದ್ದ. ಅವನು ಯಾರು ಅಂತ ಪಂಡಿತರು ಊಹೆ ಮಾಡುತ್ತಿದ್ದರು. ಮಸ್ಕಿಯ ಬಂಡೆ ಬಾಯಿಬಿಟ್ಟು ಹೆಸರು ಹೇಳಿತು: ಅಶೋಕ! ಅಷ್ಟು ದೊಡ್ಡ ಚಕ್ರವರ್ತಿಯ ಹೆಸರು ಗಟ್ಟಿಯಾಗಲು ನಮ್ಮ ಮಸ್ಕಿಯ ಕಲ್ಲು ಬೇಕಾಯಿತು ನೋಡಿ.

ಹಾಡುವವರ ಕಥೆಯೂ ಹೀಗೇ. ಪರದೆಯ ಮೇಲೆ ಸೊಂಟ ಬಳುಕಿಸಿದವರಿಗೆ ಶಿಳ್ಳೆ, ನೋಟಿನ ಸುರಿಮಳೆ. ಕಂಠ ಕೊಟ್ಟವರು ಯಾರು? ನಾವು ಹುಡುಗರು ಬಹಳ ದಿನ ಕುಣಿಯುವವಳೇ ಹಾಡುತ್ತಾಳೆ ಎಂದುಕೊಂಡಿದ್ದೆವು. ಹೆಸರು ಇರುತ್ತಿದ್ದದ್ದು ಪ್ಲೇಟಿನ ನಡುವಿನ ದುಂಡನೆಯ ಲೇಬಲ್ ಮೇಲೆ, ಇಂಗ್ಲಿಷಿನ ಇರುವೆಯಂಥ ಅಕ್ಷರಗಳಲ್ಲಿ. ಅದನ್ನು ಮುಕ್ಕುಂದದಲ್ಲಿ ಮೊದಲು ಓದಿದವನು ನಾನು. ಇದು ಜಂಬವಲ್ಲ ಸ್ವಾಮಿ! ಏಳನೇ ಕ್ಲಾಸ್ ಪಾಸಾಗಿದ್ದೆ, ಅಷ್ಟೇ.

ಸಿಂಧನೂರು ಹತ್ತಿರವಾದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಜೋಳ, ಕುಸುಬೆ ಬೆಳೆಯುತ್ತಿದ್ದ ಒಣ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಎತ್ತ ನೋಡಿದರೂ ಭತ್ತ. ಕೊಯ್ಲಿನ ಕಾಲವಾದ್ದರಿಂದ ಡಾಂಬರು ರಸ್ತೆಯ ಅರ್ಧಭಾಗದಲ್ಲಿ ಭತ್ತ ಹರವಿದ್ದರು. ಡ್ರೈವರ್ ಬಯ್ಯುತ್ತಲೇ ಉಳಿದರ್ಧದಲ್ಲಿ ಬಸ್ ಓಡಿಸಿದ. ಕಾಲುವೆಯ ಹಿಂದೆಯೇ ಆಂಧ್ರದ ರೈತರು ಬಂದರು. ಹೊಲದ ನಡುವೆ ಅವರ ಕ್ಯಾಂಪುಗಳು ಎದ್ದವು. ಹಾಗಾಗಿ ಇಲ್ಲಿನ ಟಾಕೀಸುಗಳಲ್ಲಿ ರಾಜಕುಮಾರರಿಗೆ ಎಷ್ಟು ಚಪ್ಪಾಳೆಯೋ ರಾಮರಾಯರಿಗೂ ಅಷ್ಟೇ. 1970ರ ದಶಕದಲ್ಲಿ ಇನ್ನೊಂದು ಜನ ಬಂದು ಇಳಿದರು. ಪೂರ್ವ ಪಾಕಿಸ್ತಾನವಾಗಿದ್ದು ಆಮೇಲೆ ಬಾಂಗ್ಲಾದೇಶವಾದ ನಾಡಿನಿಂದ ಮನೆಮಠ ಬಿಟ್ಟು ಬಂದ ಬಂಗಾಲಿಗಳು. ಸರ್ಕಾರ ಅವರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಕಟ್ಟಿಕೊಟ್ಟಿತು. ಆರ್.ಎಚ್. ಕ್ಯಾಂಪು ಅಂತ ಇವತ್ತಿಗೂ ಬೋರ್ಡಿದೆ. ಮೀನು ತಿಂದು, ದೋಣಿ ಹುಟ್ಟುಹಾಕಿ ಬೆಳೆದ ಜನ ರಾಯಚೂರಿನ ಬಿಸಿಲಿಗೆ ಬಂದು ಬಿದ್ದರು.

ಸಿಂಧನೂರಿನಲ್ಲಿ ಬಸ್ ಬದಲಿಸಿ ಮುಕ್ಕುಂದ ತಲುಪಿದಾಗ ಹನ್ನೊಂದು ದಾಟಿತ್ತು.

ಊರು ನನ್ನ ಸೋದರಮಾವಂದು. ಬೇಸಿಗೆ ರಜೆ ಬಂತೆಂದರೆ ಲಿಂಗಸುಗೂರಿನಿಂದ ಓಟ. ಹೊಳೆಯಲ್ಲಿ ಬೆಳಗಿನಿಂದ ಸಂಜೆತನಕ ಈಜು. ಆಚೆ ದಂಡೆ ಬಳ್ಳಾರಿ ಜಿಲ್ಲೆ. ಊರಿನಲ್ಲಿ ಒಬ್ಬರು ಮೈಕ್‌ಸೆಟ್ ಇಟ್ಟಿದ್ದರು. ಎಲ್ಲರೂ ಅವರನ್ನು ಮೈಕಿನ ಕಾಕಾ ಅನ್ನುತ್ತಿದ್ದರು. ಅವರ ಹತ್ತಿರ ಒಂದು ಅಹುಜಾ ಮಷೀನು, ಎರಡು ಹಾರ್ನು, ಲಾರಿಯ ಬ್ಯಾಟರಿ, ಪ್ಲೇಟು ತಿರುಗಿಸುವ ಡಬ್ಬಿ, ಅದರೊಳಗೆ ಒಂದು ಮುಳ್ಳು. ಮದುವೆ, ಜಾತ್ರೆ, ಉರುಸು, ಗಣಪತಿ, ಎಲೆಕ್ಷನ್, ಯಾವುದಕ್ಕೂ ಕಾಕಾ ಬೇಕು. ಬ್ಯಾಟರಿ ಚಾರ್ಜು ಮಾಡಿಸಲು ಸಿಂಧನೂರಿಗೆ ಗಾಡಿ ಕಟ್ಟಿಕೊಂಡು ಹೋಗಬೇಕು. ಹಾರ್ನನ್ನು ಬೇವಿನಮರದ ತುದಿಗೆ ಕಟ್ಟಿ, ಬಾಯಿಯನ್ನು ಹೊಳೆಯ ಕಡೆಗೆ ತಿರುಗಿಸಿದರೆ ಆಚೆ ದಂಡೆಯಲ್ಲಿ ದನ ಮೇಯಿಸುವವರು ಕೈಯೆತ್ತಿ ಕುಣಿಯುತ್ತಿದ್ದರು. ಕಣ್ಣಾರೆ ಕಂಡದ್ದು!

ಕಾಕಾನ ಪೆಟ್ಟಿಗೆಯಲ್ಲಿ ಸುಮಾರು ನಲವತ್ತು ಪ್ಲೇಟು. ಬೆಳಗ್ಗೆ ದೇವರ ಹಾಡು, ಮಧ್ಯಾಹ್ನ ಪಿ.ಬಿ. ಶ್ರೀನಿವಾಸ್, ಸಂಜೆ ಘಂಟಸಾಲ. ಹಿರಿಯರು ಊಟ ಮುಗಿಸಿ ಮಲಗಿದ ಮೇಲೆ ನಾವು ಹುಡುಗರು ಕಾಕಾನ ಕಾಲು ಹಿಡಿಯುತ್ತಿದ್ದೆವು. “ಕಾಕಾ, ಒಂದ್ಸಲ... ಒಂದೇ ಸಲ...” ಆಗ ಪೆಟ್ಟಿಗೆಯ ತಳದಿಂದ ಅದು ಹೊರಬರುತ್ತಿತ್ತು. 1971ರ ‘ಸಂಶಯ ಫಲ’ ಚಿತ್ರದ ಪ್ಲೇಟು. ‘ದೂರದಿಂದ ಬಂದಂಥ’ ಹಾಡು!

ಆ ಹಾಡಿನ ಬಗ್ಗೆ ಏನು ಹೇಳಲಿ? ನೀವು ಕೇಳಿಯೇ ಇದ್ದೀರಿ. ಆರ್ಕೆಸ್ಟ್ರಾದವರು ಐವತ್ತು ವರ್ಷದಿಂದ ಅದನ್ನು ಬಿಟ್ಟಿಲ್ಲ. ಮೊದಲು ತಾಳ ಕಾಲಿಗೆ ಬರುತ್ತದೆ, ಆಮೇಲೆ ರಾಗ ಕಿವಿಗೆ ಬರುತ್ತದೆ, ಆ ಕಂಠ ಮಾತ್ರ ನೇರವಾಗಿ ಎದೆಗೇ ಬರುತ್ತದೆ. ಈಶ್ವರಿ ಪದವನ್ನು ಹಾಡುವುದಿಲ್ಲ, ಕಚ್ಚಿ ಬಿಡುತ್ತಾರೆ. ಒಂದು ಅಕ್ಷರವನ್ನು ಎಳೆಯುತ್ತಾರೆ, ಇನ್ನೊಂದನ್ನು ಕಿವಿಯ ಹತ್ತಿರ ಬಂದು ಉಸುರುತ್ತಾರೆ, ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಮೇಲಕ್ಕೆ ಹಾರಿಬಿಡುತ್ತಾರೆ. ನಗುವೂ ಸ್ವರದೊಳಗೇ ಇರುತ್ತದೆ. ಸುಶೀಲಾ, ಜಾನಕಿಯವರ ಹಾಡು ಕೇಳಿದರೆ ಕಣ್ಣು ಮುಚ್ಚಬೇಕು ಅನ್ನಿಸುತ್ತದೆ. ಈಶ್ವರಿಯವರ ಹಾಡು ಕೇಳಿದರೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಅದರ ಹಿಂದಿನ ವರ್ಷ, 1970ರಲ್ಲಿ, ‘ಪರೋಪಕಾರಿ’ ಚಿತ್ರಕ್ಕೆ ಉಪೇಂದ್ರಕುಮಾರ್ ಸಂಗೀತದಲ್ಲಿ ಅವರು ಹಾಡಿದ ‘ಜೋಕೆ’ ಹಾಡೂ ಹಾಗೇ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ, ಕಾಲು ಸುಮ್ಮನಿದ್ದರೆ ನನಗೆ ತಿಳಿಸಿ.

ಆ ಕಾಲದ ಚಿತ್ರಗಳಲ್ಲಿ ಒಂದು ಅಲಿಖಿತ ಕಾನೂನಿತ್ತು. ನಾಯಕಿಗೆ ಒಂದು ಕಂಠ, ಕ್ಲಬ್ಬಿಗೆ ಇನ್ನೊಂದು ಕಂಠ. ಕ್ಲಬ್ ಹಾಡು ಹಾಡಿದವರನ್ನು ತುಳಸಿಕಟ್ಟೆಯ ಮುಂದೆ ಹಾಡಲು ಕರೆಯುವುದು ಕಡಿಮೆ. ಇದು ಶುದ್ಧ ಅನ್ಯಾಯ ಎನ್ನುವುದು ನನ್ನ ಅಭಿಪ್ರಾಯ. ಸಿಟ್ಟು ಬಂದರೆ ಸಂಪಾದಕರಿಗೆ ಕಾಗದ ಬರೆಯಿರಿ! ಯಾಕೆಂದರೆ ಈ ಹೆಣ್ಣುಮಗಳು ಬಂದ ದಾರಿ ನೋಡಿ. ಹುಟ್ಟಿದ್ದು 1939ರಲ್ಲಿ, ಮದರಾಸಿನಲ್ಲಿ, ಕ್ರೈಸ್ತ ಮನೆತನದಲ್ಲಿ. ಪೂರ್ತಿ ಹೆಸರು ಲೂರ್ದ್ ಮೇರಿ ರಾಜೇಶ್ವರಿ. ತಾಯಿ ಜೆಮಿನಿ ಸ್ಟುಡಿಯೋದಲ್ಲಿ ಕೋರಸ್ ಹಾಡುವವರು. ಮಗಳೂ ತಾಯಿಯ ಸೆರಗು ಹಿಡಿದು ಹೋಗಿ ಗುಂಪಿನಲ್ಲಿ ನಿಂತಳು. ಕೋರಸ್ ಅಂದರೆ ಗೊತ್ತಲ್ಲ, ಹತ್ತು ಜನರ ನಡುವೆ ಒಂದು ದನಿ. ದುಡ್ಡು ಕಡಿಮೆ, ಹೆಸರು ಇಲ್ಲವೇ ಇಲ್ಲ. 1958ರಲ್ಲಿ ಕೆ.ವಿ. ಮಹದೇವನ್ ಒಂಟಿ ಹಾಡು ಕೊಟ್ಟರು. ಆದರೂ ಜನ ಗುರುತಿಸಿದ್ದು 1961ರ ‘ಪಾಶಮಲರ್’ ಚಿತ್ರದಿಂದ. ವಿಶ್ವನಾಥನ್-ರಾಮಮೂರ್ತಿ ಸಂಗೀತ. ಅದು ಎಂಥಾ ಹಾಡು ಗೊತ್ತೇ? ಮದುವೆಯ ಹಾಡು! ಮದುಮಗಳನ್ನು ಗೆಳತಿ ಕರೆಯುವ ಹಾಡು. ತಮಿಳುನಾಡಿನ ಮದುವೆಮನೆಗಳಲ್ಲಿ ಅದನ್ನು ಎಷ್ಟು ಸಲ ಹಾಕಿದ್ದಾರೋ ಲೆಕ್ಕವಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂದೆ ಅದೇ ಕಂಠ ತೆಲುಗಿನಲ್ಲಿ, ಕನ್ನಡದಲ್ಲಿ ಕುಣಿತದ ಹಾಡಿಗೆ ಅಧಿದೇವತೆಯಾಯಿತು. 1978ರ ‘ಮರೋಚರಿತ್ರ’ದಲ್ಲಿ ಎಸ್.ಪಿ.ಬಿ. ಜೊತೆ ಹಾಡಿದ್ದು ನಮ್ಮ ಸಿಂಧನೂರಿನ ಕ್ಯಾಂಪುಗಳಲ್ಲಿ ಹುಚ್ಚು ಹಿಡಿಸಿತ್ತು. ಅದೇ ಕಂಠ ಮಾರಿಯಮ್ಮನ ಭಕ್ತಿಗೀತೆಗಳನ್ನೂ ಹಾಡಿತು. ತಮಿಳರ ಆಡಿ ಮಾಸದಲ್ಲಿ ಅಮ್ಮನ ಗುಡಿಗಳ ಹಾರ್ನಿನಲ್ಲಿ ಇವತ್ತಿಗೂ ಈಶ್ವರಿಯವರದ್ದೇ ದರಬಾರು. ಕ್ಲಬ್ಬೂ ಅವರದೇ, ಗುಡಿಯೂ ಅವರದೇ! 2011ರಲ್ಲಿ, ಎಪ್ಪತ್ತು ದಾಟಿದ ಮೇಲೆ, ‘ಓಸ್ತಿ’ ಚಿತ್ರಕ್ಕೆ ಹಾಡಿದ ಕುಣಿತದ ಹಾಡಿಗೆ ಮೊಮ್ಮಕ್ಕಳ ವಯಸ್ಸಿನವರು ಥಿಯೇಟರಿನಲ್ಲಿ ಎದ್ದು ಕುಣಿದರು. 2020ರ ‘ಮೂಕುತ್ತಿ ಅಮ್ಮನ್’ ಚಿತ್ರಕ್ಕೂ ಹಾಡಿದರು. ಎಂಬತ್ತರ ಅಂಚಿನ ಕಂಠ!

ಅಮೆರಿಕದಲ್ಲಿ ‘ಸೋಲ್’ ಅಂತ ಒಂದು ಸಂಗೀತವಿದೆ. ಕರಿಯ ಜನರು ಚರ್ಚಿನಲ್ಲಿ ಹಾಡುತ್ತಿದ್ದ ದನಿಯನ್ನೇ ಬೀದಿಗೆ ತಂದು ಕುಣಿತಕ್ಕೆ ಕಟ್ಟಿದ್ದು. ಡೆಟ್ರಾಯಿಟ್ ಊರಿನಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿ. ಅಲ್ಲಿ ಆಫೀಸಿನಲ್ಲಿ ಸೆಕ್ರೆಟರಿ ಕೆಲಸ ಮಾಡುತ್ತಿದ್ದ ಮಾರ್ಥಾ ರೀವ್ಸ್ ಎಂಬ ಹುಡುಗಿ, ಮೈಕಿನ ಮುಂದೆ ನಿಂತು 1964ರಲ್ಲಿ ‘ಡ್ಯಾನ್ಸಿಂಗ್ ಇನ್ ದಿ ಸ್ಟ್ರೀಟ್’ ಹಾಡಿ ಲೋಕವನ್ನೇ ಕುಣಿಸಿದಳು. ಕೋರಸ್ಸಿನ ಹುಡುಗಿ ಈಶ್ವರಿ, ಟೈಪ್‌ರೈಟರಿನ ಹುಡುಗಿ ಮಾರ್ಥಾ. ಇಬ್ಬರೂ ಹಿಂದಿನ ಸಾಲಿನಿಂದ ಬಂದವರು. ಇರಲಿ, ಡೆಟ್ರಾಯಿಟ್ ಬಿಟ್ಟು ಮುಕ್ಕುಂದಕ್ಕೆ ಬರೋಣ.

ಕಾಕಾನ ಹತ್ತಿರ ಬ್ಯಾಟರಿ ಹೊರಲು ಒಬ್ಬ ಹುಡುಗನಿದ್ದ. ಬಂಗಾಲಿ ಕ್ಯಾಂಪಿನವನು. ನನಗಿಂತ ಒಂದು ವರ್ಷ ದೊಡ್ಡವನಿರಬಹುದು. ಕನ್ನಡ ಬರುತ್ತಿರಲಿಲ್ಲ, ಬಂದದ್ದೆಲ್ಲ ಪ್ಲೇಟಿನಿಂದ ಬಂದದ್ದು. ಹಸಿವಾದರೂ ಹಾಡಿನ ಮಾತೇ, ಸಿಟ್ಟು ಬಂದರೂ ಹಾಡಿನ ಮಾತೇ! ಈಶ್ವರಿಯ ಆ ಹಾಡಿನಲ್ಲಿ ದೂರದಿಂದ ಬಂದ ಸುಂದರಾಂಗನನ್ನು ಕರೆಯುವುದುಂಟಲ್ಲ, ನಾವು ಅವನಿಗೆ ‘ಸುಂದರಾಂಗ’ ಅಂತಲೇ ಹೆಸರಿಟ್ಟೆವು. ಅವನು ಕೋಲಿನಂತೆ ಕಪ್ಪಗೆ, ಸಣ್ಣಗೆ ಇದ್ದ. ಕರೆದಾಗ ನಗುತ್ತಿದ್ದ. ಅದು ಚೇಷ್ಟೆ ಅಂತ ಅವನಿಗೆ ತಿಳಿದಿತ್ತೋ ಇಲ್ಲವೋ ಆಗ ನಾನು ಯೋಚಿಸಲಿಲ್ಲ.

ಒಂದು ದಿನ ಅವನ ಅಪ್ಪ ಮಗನನ್ನು ನೋಡಲು ಬಂದಿದ್ದರು. ನಾನು ಕಾಕಾನಿಗೆ ಲೇಬಲ್ ಓದಿ ಹೇಳುತ್ತಿದ್ದೆ. ಹಾಡಿದವರು ಎಲ್.ಆರ್. ಈಶ್ವರಿ, ಸಂಗೀತ ಸಲಿಲ್ ಚೌಧರಿ. ಆ ಮನುಷ್ಯ ಎದ್ದು ಬಂದು ಪ್ಲೇಟು ಇಸಿದುಕೊಂಡು, ಹೆಸರಿನ ಮೇಲೆ ಬೆರಳಿಟ್ಟು, ಅವರ ಭಾಷೆಯಲ್ಲಿ ಏನೇನೋ ಹೇಳಿದರು. ಮಗ ತನಗೆ ಬಂದಷ್ಟು ಕನ್ನಡದಲ್ಲಿ ತಿಳಿಸಿದ: “ಇವರು ನಮ್ಮವರು.” ನಮಗೆ ನಗು. ಮದರಾಸಿನಲ್ಲಿ ತಯಾರಾದ ಕನ್ನಡ ಸಿನಿಮಾಕ್ಕೆ ಕ್ಯಾಂಪಿನವರು ಹೇಗೆ ನಮ್ಮವರಾಗುತ್ತಾರೆ!

ಈಗ ಗೊತ್ತು, ಅವರು ಹೇಳಿದ್ದು ನಿಜ. ಸಲಿಲ್‌ದಾ ಬಂಗಾಳದವರು. ಅಸ್ಸಾಮಿನ ಚಹಾ ತೋಟಗಳಲ್ಲಿ ಬೆಳೆದವರು. ರೈತರ, ಕೂಲಿಗಳ ಹಾಡು ಕಟ್ಟಿ ಬಂಗಾಳದ ಹಳ್ಳಿಹಳ್ಳಿ ತಿರುಗಿದವರು. 1953ರ ‘ದೋ ಬಿಘಾ ಜಮೀನ್’, 1958ರ ‘ಮಧುಮತಿ’, 1965ರ ಮಲಯಾಳಂ ‘ಚೆಮ್ಮೀನ್’ ಎಲ್ಲ ಅವರದೇ. ಕನ್ನಡಕ್ಕೆ ‘ಸಂಶಯ ಫಲ’ ಆದ ಮೇಲೆ 1977ರ ಬಾಲು ಮಹೇಂದ್ರರ ‘ಕೋಕಿಲ’ಕ್ಕೂ ಸಂಗೀತ ಕೊಟ್ಟರು. 1995ರಲ್ಲಿ ತೀರಿಕೊಂಡರು. ಬಂಗಾಲಿಯ ರಾಗ, ಮದರಾಸಿನ ಕ್ರೈಸ್ತ ಹೆಣ್ಣುಮಗಳ ಕಂಠ, ಕನ್ನಡದ ಮಾತು, ಎಲ್ಲ ಸೇರಿ ಒಂದು ಪ್ಲೇಟಾಗಿ ನಮ್ಮ ಬೇವಿನಮರದ ಕೆಳಗೆ ತಿರುಗುತ್ತಿತ್ತು. ಊರು ಕಳೆದುಕೊಂಡು ಬಂದ ಆ ಅಪ್ಪನಿಗೆ ಪರನಾಡಿನ ಹಳ್ಳಿಯ ಪೆಟ್ಟಿಗೆಯ ತಳದಲ್ಲಿ ತನ್ನವನೊಬ್ಬನ ಹೆಸರು ಸಿಕ್ಕಿತ್ತು. ನಾವು ನಕ್ಕಿದ್ದೆವು.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ.

1975ರ ಮೇ ತಿಂಗಳು, ಮಾವನ ಹಿರಿಮಗಳ ಮದುವೆ. ಹಿಂದಿನ ರಾತ್ರಿಯೇ ಮಾವ ಕಾಕಾನಿಗೆ ಕಟ್ಟಪ್ಪಣೆ ಮಾಡಿದ್ದರು: “ಆ ಕ್ಲಬ್ಬಿನ ಹಾಡು ಏನರ ಹಚ್ಚಿದ್ಯೋ, ನಿನ್ನ ಮಷೀನು ಹೊಳ್ಯಾಗ ಒಗಿತೀನಿ ನೋಡು.” ಬೆಳಗ್ಗೆ ಅಕ್ಕಿಕಾಳಿನ ಹೊತ್ತು. ಕಾಕಾ ಚಹಾ ಕುಡಿಯಲು ಹೋಗಿದ್ದರು. ಸುಂದರಾಂಗ ಇನ್ನೊಂದು ಬ್ಯಾಟರಿ ತರಲು ಗಾಡಿಯ ಹತ್ತಿರ ಹೋಗಿದ್ದ. ಮಷೀನಿನ ಹತ್ತಿರ ನಾನೊಬ್ಬನೇ, ಗೋಡೆಯಾಚೆ ನಾಲ್ಕು ಜನ ಹುಡುಗರು. “ಧೈರ್ಯ ಇದ್ರ ಹಚ್ಚಲೇ!” ಅಂದರು. ಧೈರ್ಯ ಅಂದರೆ ಏನು ಅಂತ ಆ ವಯಸ್ಸಿನಲ್ಲಿ ಯಾರಿಗೆ ಗೊತ್ತಿರುತ್ತದೆ? ಪೆಟ್ಟಿಗೆಯ ತಳಕ್ಕೆ ಕೈಹಾಕಿದೆ. ಮುಳ್ಳು ಇಟ್ಟೆ.

ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಕೈಯಲ್ಲಿ ಅಕ್ಕಿಕಾಳು ಹಿಡಿದು ಇಡೀ ಊರು ನಿಂತಿದೆ, ಬೇವಿನಮರದ ತುದಿಯಿಂದ ಈಶ್ವರಿಯ ಕಂಠ ಊರ ಮೇಲೆ ಬಿತ್ತು! ಒಂದು ಕ್ಷಣ ಎಲ್ಲರೂ ಕಲ್ಲು. ಆಮೇಲೆ ಹೆಂಗಸರ ಕಡೆಯಿಂದ ಕಿಸಕ್ ಅಂತ ನಗು. ಮದುಮಗಳೂ ನಕ್ಕಳಂತೆ. ಬೀಗರ ಕಡೆಯ ಹುಡುಗರು ಶಿಳ್ಳೆ ಹಾಕಿದರು. ಮಾವನ ಗರ್ಜನೆ ಕೇಳಿದ್ದೇ ತಡ, ನಾನು ಮುಳ್ಳನ್ನು ಎತ್ತುವ ಬದಲು ಎಳೆದುಬಿಟ್ಟೆ. ಜರ್‍ರ್ ಅಂತ ಹಾರ್ನು ಕಿರುಚಿತು. ಓಡಿಹೋಗಿ ಬಣವೆಯ ಹಿಂದೆ ನಿಂತೆ.

ಅಲ್ಲಿಂದ ಎಲ್ಲ ಕಾಣುತ್ತಿತ್ತು. ಮೊದಲು ಓಡಿಬಂದವನು ಸುಂದರಾಂಗ. ಬ್ಯಾಟರಿ ಕೆಳಗಿಟ್ಟು ಮಷೀನು ಬಂದ್ ಮಾಡಿದ. ಕಾಕಾ, ಮಾವ ಬಂದಾಗ ಅವನ ಕೈ ಇನ್ನೂ ಮಷೀನಿನ ಮೇಲಿತ್ತು. ಕಾಕಾ ಕಪಾಳಕ್ಕೆ ಹೊಡೆದರು. ಮಾವ, “ಕ್ಯಾಂಪಿನ ಹುಡುಗರನ್ನ ಇಟ್ಕೊಂಡ್ರ ಹಿಂಗ ಆಗೋದು” ಅಂದರು. ಅವನು ಸುತ್ತಲೂ ನೋಡಿದ. ಬಣವೆಯ ಕಡೆಯೂ ನೋಡಿದ. ಏನೂ ಹೇಳಲಿಲ್ಲ. ಮಧ್ಯಾಹ್ನ ಮದುವೆಯ ಊಟಕ್ಕೆ ಕೂರುವ ಮೊದಲೇ ಅವನನ್ನು ಊರು ಬಿಡಿಸಿದರು. ನಾನು ಎರಡು ಸಲ ಬೂಂದಿ ಹಾಕಿಸಿಕೊಂಡೆ.

ಪ್ಲೇಟು ಒಡೆದಿರಲಿಲ್ಲ, ಗೀರು ಬಿದ್ದಿತ್ತು. ಆಮೇಲೆ ಕಾಕಾ ಅದನ್ನು ಹಾಕಿದಾಗೆಲ್ಲ ಒಂದು ಕಡೆ ಮುಳ್ಳು ಸಿಕ್ಕಿಕೊಂಡು ಒಂದೇ ಪದ ಮೂರು ಸಲ ತಿರುಗುತ್ತಿತ್ತು, ಆಮೇಲೆ ಕಟ್ ಅಂತ ಮುಂದಕ್ಕೆ ಜಿಗಿಯುತ್ತಿತ್ತು. ಮುಕ್ಕುಂದದ ಹುಡುಗರು ಹಾಡನ್ನು ಕಲಿತದ್ದೇ ಹಾಗೆ! ಹೊಳೆಯಲ್ಲಿ ಈಜುವಾಗಲೂ ಅಲ್ಲಿ ಮೂರು ಸಲ ಹಾಡಿ ಜಿಗಿಯುತ್ತಿದ್ದರು. ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ಅದೇ ಹಾಡು ಸರಾಗವಾಗಿ ಹರಿದುಹೋದಾಗ, ಇವರು ತಪ್ಪು ಹಾಡುತ್ತಿದ್ದಾರೆ ಅಂತ ನನಗನ್ನಿಸಿತು. ಪಕ್ಕದವನಿಗೆ ಹೇಳಲೂ ಹೋದೆ. ಹೇಳಿದರೆ ಯಾಕೆ ಅಂತಲೂ ಹೇಳಬೇಕಲ್ಲ? ಬಾಯಿ ಮುಚ್ಚಿದೆ.

ಇಂಥದೇ ಪ್ಲೇಟು ಹೋದ ವರ್ಷ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಳೇ ಇಸ್ತ್ರಿಪೆಟ್ಟಿಗೆಗಳ ನಡುವೆ ಸಿಕ್ಕಿತು. ಗೀರಿಲ್ಲದ್ದು.

ಬೇವಿನಮರ ಈಗಿಲ್ಲ. ಆ ಜಾಗದಲ್ಲಿ ನೀರಿನ ಟ್ಯಾಂಕಿಯಿದೆ. ಕಾಕಾ ಇದ್ದಾರೆ. ಎಂಬತ್ತೈದು ದಾಟಿದೆ. ಕಟ್ಟೆಯ ಮೇಲೆ ಕೂತಿದ್ದರು. ಅಷ್ಟು ವರ್ಷ ಹಾರ್ನಿನ ಕೆಳಗೆ ಕೂತದ್ದಕ್ಕೋ, ವಯಸ್ಸಿಗೋ, ಕಿವಿ ಪೂರ್ತಿ ಹೋಗಿದೆ. ನಾನು ಕಿವಿಗೆ ಬಾಯಿಟ್ಟು ಮಾವನ ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು.

“ಓಹೋ! ಲೇಬಲ್ ಓದೋ ಹುಡುಗ!”

ಪ್ಲೇಟು ಕೈಗಿಟ್ಟೆ. ಬೆರಳ ತುದಿಯಿಂದ ಅಂಚು ಸವರಿದರು, ಬೆಳಕಿಗೆ ಹಿಡಿದರು. “ಗೀರು ಎಲ್ಲಿ?” ಅಂದರು. ಆಗ ಹೇಳಿದೆ. ಕೂಗಿ ಕೂಗಿ ಹೇಳಬೇಕಾಯಿತು. ಐವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ! ಎದುರು ಮನೆಯವರು ಹೊರಗೆ ಬಂದು ನೋಡಿದರು. ಕಾಕಾ ಬಹಳ ಹೊತ್ತು ಸುಮ್ಮನಿದ್ದರು.

“ಹೊಡದದ್ದು ನಾನು,” ಅಂದರು. “ನನಗ ಯಾಕ ತಂದಿ ಇದನ್ನ? ಮಷೀನೂ ಇಲ್ಲ, ಕಿವೀನೂ ಇಲ್ಲ. ಅಂವ ಸಿಂಧನೂರಾಗ ಅದಾನ. ಡಿಜೆ ಅಂಗಡಿ. ಅಲ್ಲಿಗೆ ಹೋಗು.”

ಊಟ ಮಾಡದೆ ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ. ಹೊಳೆಗೆ ಹೋಗಿ ಕಾಲು ತೊಳೆದುಕೊಂಡು ಬಂದೆ. ಆಚೆ ದಂಡೆಯಲ್ಲಿ ಯಾರೋ ಟ್ರ್ಯಾಕ್ಟರಿನಲ್ಲಿ ತೆಲುಗು ಹಾಡು ಹಾಕಿಕೊಂಡಿದ್ದರು. ನೀರಿನ ಮೇಲೆ ಹಾಡು ಈಗಲೂ ಹಾಗೇ ಬರುತ್ತದೆ.

ಸಿಂಧನೂರಿನಲ್ಲಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಆಳೆತ್ತರದ ಸ್ಪೀಕರ್ ಡಬ್ಬಿಗಳು, ಬಣ್ಣದ ಲೈಟು, ಜನರೇಟರು. ಮಗ ನಡೆಸುತ್ತಾನೆ. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ವೈರು ಸುತ್ತುತ್ತಿದ್ದ. ತಲೆ ಬೆಳ್ಳಗಾಗಿದೆ. ಕೋಲಿನಂತಿದ್ದವನಿಗೆ ಹೊಟ್ಟೆ ಬಂದಿದೆ. ನಾನು ಏನೂ ಹೇಳದೆ ಪ್ಲೇಟು ಮುಂದೆ ಹಿಡಿದೆ. ಲೇಬಲ್ ನೋಡಿದ. ನನ್ನ ಮುಖ ನೋಡಿದ.

“ಬಾರಪ್ಪಾ. ಕುಂದ್ರು.”

ಶುದ್ಧ ನಮ್ಮ ಸೀಮೆಯ ಕನ್ನಡ. ನನ್ನ ಬೆಂಗಳೂರು ಕನ್ನಡಕ್ಕಿಂತ ಚೆಂದ. ಚಹಾ ತರಿಸಿದ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುವಷ್ಟರಲ್ಲಿ ಅವನೇ ಅಂದ:

“ನೀನಂತ ಅವತ್ತೇ ಗೊತ್ತಿತ್ತು. ನೀ ಹೊಸ ಅಂಗಿ ಹಾಕ್ಕೊಂಡು ಕೈತುಂಬ ಅರಿಶಿಣ ಮಾಡ್ಕೊಂಡಿದ್ದಿ. ಪ್ಲೇಟಿನ ಮ್ಯಾಲೆ ಬೆರಳಿನ ಗುರುತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಮದುವಿ ಮನಿ ಹುಡುಗನ ಮ್ಯಾಲೆ ಕ್ಯಾಂಪಿನವ ಹೇಳಿದ್ರ ಯಾರು ನಂಬ್ತಿದ್ರು? ಇನ್ನೊಂದು ಬೀಳ್ತಿತ್ತು, ಅಷ್ಟ.”

ನಾನು ತಪ್ಪಾಯಿತು ಅಂದೆ. ಅವನು ವೈರು ಸುತ್ತುತ್ತಲೇ ಇದ್ದ.

“ಕಪಾಳದ್ದು ಅವತ್ತೇ ಮರೆತೆ. ಆ ಹಂಗಾಮಿನ್ಯಾಗ ಇನ್ನೂ ನಾಕು ಮದುವಿ ಇದ್ದುವು. ಮದುವಿಗೆ ಎರಡು ರೂಪಾಯಿ, ಮ್ಯಾಲೆ ಊಟ. ರೊಕ್ಕ ಬಿಡು, ಊಟ ದೊಡ್ಡದಿತ್ತು. ನಮ್ಮವ್ವಗ ಕಟ್ಟಿಕೊಂಡು ಒಯ್ತಿದ್ದೆ.”

ಇದಕ್ಕೆ ನಾನು ಏನು ಹೇಳಲಿ? ನನ್ನ ಲೆಕ್ಕದಲ್ಲಿ ಇದ್ದದ್ದು ಒಂದು ಗೀರು, ಒಂದು ಏಟು. ನಾಲ್ಕು ಊಟ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಮಗ ಒಳಗಿನಿಂದ ಬಂದು ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದ್ಯಾವ ಹಾಡು, ಅಂಕಲ್?” ಹೇಳಿದೆ. ಎರಡು ನಿಮಿಷದಲ್ಲಿ ಫೋನಿನಲ್ಲಿ ಹುಡುಕಿ ಆಳೆತ್ತರದ ಡಬ್ಬಿಗೆ ಸೇರಿಸಿಬಿಟ್ಟ. ಈಶ್ವರಿ! ಅಂಗಡಿಯ ಗಾಜು ನಡುಗಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಕಾಲೇಜು ಹುಡುಗರು ನಿಂತು ಭುಜ ಕುಣಿಸಿದರು. ತಾಳ ಅದೇ, ನಗು ಅದೇ. ಗೀರಿನ ಜಾಗ ಬರುತ್ತಿದ್ದಂತೆ ನಾನು ಉಸಿರು ಹಿಡಿದೆ. ಹಾಡು ಸರಾಗವಾಗಿ ದಾಟಿಹೋಯಿತು.

ಅವನಿಗೆ ಅದು ಗೊತ್ತೇ ಇರಲಿಲ್ಲ. ಅವನನ್ನು ಊರು ಬಿಡಿಸಿದ ಮೇಲೆ ತಾನೇ ಪ್ಲೇಟು ಜಿಗಿಯತೊಡಗಿದ್ದು! ನಾನು ಹೇಳಿದೆ: ಇಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಊರಿನವರೆಲ್ಲ ಹಾಗೇ ಹಾಡುತ್ತಿದ್ದರು ಅಂತ. ವೈರು ಕೆಳಗಿಟ್ಟ.

“ಎಷ್ಟು ಸಲ ತಿರುಗತಿತ್ತು?”

“ಮೂರು.”

“ಹಾಡಿ ತೋರಸು.”

ಅರವತ್ತು ದಾಟಿದ ನಾನು ಸಿಂಧನೂರಿನ ಬಜಾರಿನಲ್ಲಿ ನಿಂತು ಹಾಡಿ ತೋರಿಸಿದೆ. ಮೂರು ಸಲ ತಿರುಗಿ, ಕಟ್ ಅಂತ ಜಿಗಿದೆ. ಅವನು ನಕ್ಕ. ಅದೇ ನಗು, ಸುಂದರಾಂಗ ಅಂತ ಕರೆದಾಗ ನಗುತ್ತಿದ್ದದ್ದು. ಮಗನಿಗೆ ನಮ್ಮಿ‌ಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಐದೂವರೆಯ ಬಸ್ಸಿತ್ತು. ಪ್ಲೇಟನ್ನು ಅವನು ರಟ್ಟಿನೊಳಗಿಟ್ಟ, ರಟ್ಟನ್ನು ಪೇಪರಿನೊಳಗೆ, ಪೇಪರನ್ನು ನನ್ನ ಟವೆಲ್ಲಿನೊಳಗೆ. ಟವೆಲ್ಲೂ ಅವನೇ ಇಟ್ಟುಕೊಂಡ. “ತಿರುಗಿಸೋ ಡಬ್ಬಿ ಎಲ್ಲಾದ್ರೂ ಸಿಗತೈತೇನು ನೋಡ್ತೀನಿ. ಸಿಕ್ರ ಫೋನ್ ಹಚ್ತೀನಿ, ಬಾ. ಊಟಕ್ಕ ಬಾ,” ಅಂದ. ನನ್ನ ನಂಬರನ್ನು ಮಗನ ಫೋನಿನಲ್ಲಿ ಬರೆಸಿದ. ಹೆಸರು ಏನಂತ ಹಾಕಲಿ ಅಂತ ಮಗ ಕೇಳಿದ್ದಕ್ಕೆ, “ಅರಿಶಿಣದ ಕೈ ಅಂತ ಹಾಕು” ಅಂದ.